ತಜ್ಞರ ಉತ್ತರ: ಮಗಳು ಉಣ್ಣಲ್ಲ, ಮನೆಗೆಲಸ ಮುಗಿಯಲ್ಲ, ಏನು ಮಾಡಲಿ?

ಪ್ರಶ್ನೆ: ನಾವಿರುವುದು ದಾವಣಗೆರೆಯಲ್ಲಿ. ಮಗಳಿಗೆ 20 ತಿಂಗಳು. ಹುಟ್ಟಿದಾಗ 2.8 ಕೆ.ಜಿ. ಇದ್ದಳು. ವರ್ಷ ತುಂಬಿದಾಗ 8.7, ಈಗ 10. ಮೊದಲು ಚೆನ್ನಾಗಿ ತಿನ್ನುತ್ತಿದ್ದವಳು ಈಗ ಎರಡು ತುತ್ತಿಗೇ ಬಾಯಿ ಮುಚ್ಚುತ್ತಾಳೆ. ಫೋನ್ ತೋರಿಸಿದರೆ ಮಾತ್ರ ಉಣ್ಣುತ್ತಾಳೆ. ಹೊಟ್ಟೆ ಖಾಲಿ ಇರಬಾರದು ಅಂತ ದಿನಕ್ಕೆ ನಾಲ್ಕು ಬಾಟಲಿ ಹಾಲು ಕೊಡುತ್ತೇನೆ. ಯಜಮಾನರು ಬೆಳಿಗ್ಗೆ 9ಕ್ಕೆ ಅಂಗಡಿಗೆ ಹೋದರೆ ಬರುವುದು ರಾತ್ರಿ 9ಕ್ಕೆ. ಅತ್ತೆಗೆ ಮಂಡಿ ನೋವು. ನಾನು ಒಲೆ ಮುಂದೆ ನಿಂತರೆ ಸಾಕು, ಕಾಲು ತಬ್ಬಿಕೊಂಡು ಅಳುತ್ತಾಳೆ. ನಲ್ಲಿ ನೀರು ಬರುವ ದಿನವಂತೂ ಡ್ರಮ್ಮು, ಬಕೆಟ್ಟು ತುಂಬಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಸಂಜೆಯಾದರೂ ಪಾತ್ರೆ ಸಿಂಕಿನಲ್ಲೇ ಇರುತ್ತವೆ. ಹೋದ ವಾರ ಸಿಟ್ಟು ತಡೆಯಲಾಗದೆ ಹೊಡೆದುಬಿಟ್ಟೆ. ಆಮೇಲೆ ಅವಳೂ ಅತ್ತಳು, ನಾನೂ ಅತ್ತೆ. ದಯವಿಟ್ಟು ಒಂದು ಟೈಮ್ ಟೇಬಲ್ ಹಾಕಿಕೊಡಿ. ಇನ್ನೊಂದು ಮಾತು: ಗೋಡೆ ಸುಣ್ಣ ಕೆರೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಮಕ್ಕಳು ಹಾಗೆ ಮಾಡೋದು ಮಾಮೂಲು ಅಲ್ವಾ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ಸುಮ್ನೆ ಒಂದು ಮಾತು ಅಂತ ಬರೆದಿದ್ದೀರಿ. ನನ್ನ ಕಣ್ಣು ಮಾತ್ರ ಅಲ್ಲೇ ನಿಂತುಬಿಟ್ಟಿತು.

ವರ್ಷದೊಳಗಿನ ಕೂಸು ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವುದು ಸಹಜ. ಆದರೆ 20 ತಿಂಗಳ ಮಗು ಹೋಗಿ ಹೋಗಿ ಅದೇ ಗೋಡೆಯನ್ನು ಕೆರೆದು ತಿನ್ನುತ್ತಿದೆ ಎಂದರೆ ಮೊದಲು ನೆನಪಾಗುವುದು ರಕ್ತಹೀನತೆ, ಅದರಲ್ಲೂ ಮೈಯಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ಬರುವುದು. ಸುಣ್ಣ, ಮಣ್ಣು, ಬಳಪ, ಇಟ್ಟಿಗೆ ಚೂರು, ಯಾವುದೇ ಆಗಲಿ, ಅದೇ ಮಾತು. ಎಲ್ಲ ಮಕ್ಕಳಲ್ಲೂ ಕಾರಣ ಅದೇ ಆಗಿರಬೇಕಿಲ್ಲ. ಆದರೆ ನಾಲ್ಕು ಬಾಟಲಿ ಹಾಲು, ಊಟ ಬೇಡ, ಹಟ, ಸುಣ್ಣ, ಈ ನಾಲ್ಕೂ ಒಂದೇ ಪತ್ರದಲ್ಲಿ ಬಂದರೆ ನಾನು ರಕ್ತ ಪರೀಕ್ಷೆ ಮಾಡಿಸದೆ ಮುಂದೆ ಹೋಗುವುದಿಲ್ಲ. ಈ ವಾರವೇ ನಿಮ್ಮ ಡಾಕ್ಟರ ಹತ್ತಿರ ಹೋಗಿ, ಸುಣ್ಣ ತಿನ್ನುವ ವಿಷಯವನ್ನು ಮೊದಲೇ ಹೇಳಿ, ಹಿಮೋಗ್ಲೋಬಿನ್ ನೋಡಿಸಿ. ಗೋಡೆಗೆ ಇರುವುದು ಸುಣ್ಣವೋ ಹಳೆಯ ಪೇಂಟೋ ಅದನ್ನೂ ಹೇಳಿ. ಹಳೆಯ ಪೇಂಟಿನಲ್ಲಿ ಸೀಸ ಇರಬಹುದು, ಅದು ಮಕ್ಕಳಿಗೆ ವಿಷ.

ನಿಮ್ಮ ಮಗಳೊಬ್ಬಳೇ ಹೀಗೆ ಅಂತ ಗಾಬರಿಯಾಗಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಆರು ತಿಂಗಳಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ಉಳ್ಳವರ ಮನೆ, ಇಲ್ಲದವರ ಮನೆ ಅಂತ ಅದು ನೋಡುವುದಿಲ್ಲ. ನನ್ನ ಹತ್ತಿರ ಬರುವವರಲ್ಲಿ ಎಷ್ಟೋ ಮಕ್ಕಳು ಗುಂಡಗುಂಡಗೆ, ಬೆಳ್ಳಗೆ ಇರುತ್ತಾರೆ. ಆ ಬಿಳುಪನ್ನೇ ಮನೆಯವರು ಬಣ್ಣ ಅಂದುಕೊಂಡಿರುತ್ತಾರೆ.

ಈಗ ಹಾಲಿನ ಲೆಕ್ಕ. ಬಾಟಲಿಗೆ 200 ಮಿ.ಲೀ. ಅಂದರೂ ದಿನಕ್ಕೆ 800 ಆಯಿತು. ಈ ವಯಸ್ಸಿನ ಮಗುವಿಗೆ ದಿನಕ್ಕೆ ಬೇಕಾದದ್ದು ಸುಮಾರು 1000 ಕ್ಯಾಲೊರಿ. ಅದರಲ್ಲಿ 500ರಷ್ಟು ಹಾಲಿನಿಂದಲೇ ಬಂತು. ಇನ್ನು ಅವಳಿಗೆ ಹಸಿವು ಎಲ್ಲಿಂದ ಬರಬೇಕು? ನೀವು ಅನ್ನದ ತಟ್ಟೆ ಹಿಡಿದು ಹಿಂದೆ ಓಡುವಾಗ ಅವಳ ಹೊಟ್ಟೆ ನಿಜವಾಗಿಯೂ ತುಂಬಿದೆ. ಹಾಲಿನಲ್ಲಿ ಕಬ್ಬಿಣದ ಅಂಶ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಬೇರೆ ಊಟದಲ್ಲಿ ಇದ್ದದ್ದು ಮೈಗೆ ಹತ್ತುವುದಕ್ಕೂ ಜಾಸ್ತಿ ಹಾಲು ಅಡ್ಡ ಬರುತ್ತದೆ. ಕಬ್ಬಿಣ ಕಡಿಮೆಯಾದ ಮಗುವಿಗೆ ಹಸಿವು ಇನ್ನೂ ಕಟ್ಟುತ್ತದೆ, ಕಿರಿಕಿರಿ ಜಾಸ್ತಿಯಾಗುತ್ತದೆ, ಎತ್ತಿಕೋ ಎತ್ತಿಕೋ ಅನ್ನುತ್ತದೆ. ಊಟ ಮಾಡಲಿಲ್ಲವಲ್ಲ ಅಂತ ನೀವು ಇನ್ನೊಂದು ಬಾಟಲಿ ಕೊಡುತ್ತೀರಿ. ಗಾಣದ ಎತ್ತಿನ ಹಾಗೆ ಇದು ಅಲ್ಲೇ ಸುತ್ತುತ್ತಿದೆ. ನೀವು ಕೇಳಿದ್ದು ಟೈಮ್ ಟೇಬಲ್. ನನಗೆ ಕಾಣುವುದು ಹಾಲಿನ ಬಾಟಲಿ. ನಿಮ್ಮ ದಿನ ಹಾಳಾಗುತ್ತಿರುವುದರಲ್ಲಿ ಅರ್ಧ ಪಾಲು ಅದರದ್ದೇ.

ತೂಕದ ವಿಷಯದಲ್ಲಿ ಅತ್ತೆಗೂ ನಿಮಗೂ ಒಟ್ಟಿಗೇ ಸಮಾಧಾನ ಹೇಳಬಹುದು. ಮೊದಲ ವರ್ಷ ಮಗು ಹುಟ್ಟಿದ ತೂಕದ ಮೂರರಷ್ಟಾಗುತ್ತದೆ. ನಿಮ್ಮವಳು ಹಾಗೇ ಆಗಿದ್ದಾಳೆ. ಎರಡನೇ ವರ್ಷ ಪೂರ್ತಿ ಸೇರಿ ಏರುವುದು 2ರಿಂದ 2.5 ಕೆ.ಜಿ. ಮಾತ್ರ. ನಿಮ್ಮವಳು ಎಂಟು ತಿಂಗಳಲ್ಲಿ 1.3 ಏರಿದ್ದಾಳೆ. ತಾಯಿ ಕಾರ್ಡಿನ ಬೆಳವಣಿಗೆ ಚಾರ್ಟ್ ತೆಗೆದು ನೋಡಿ, 20 ತಿಂಗಳಿಗೆ 10 ಕೆ.ಜಿ. ಹಸಿರು ಪಟ್ಟಿಯೊಳಗೇ ಬರುತ್ತದೆ. ಬೆಳವಣಿಗೆಯ ಓಟ ನಿಧಾನವಾದಾಗ ಹಸಿವೂ ನಿಧಾನವಾಗುತ್ತದೆ. 'ವರ್ಷದ ತನಕ ಚೆನ್ನಾಗಿ ತಿಂತಿದ್ಲು' ಅನ್ನುವ ಮಾತನ್ನು ನಾನು ದಿನಕ್ಕೆ ಹತ್ತು ಸಲ ಕೇಳುತ್ತೇನೆ.

ಹಾಲನ್ನು ಒಮ್ಮೆಲೇ ನಿಲ್ಲಿಸಬೇಡಿ, ಯುದ್ಧವಾಗುತ್ತದೆ. ಹತ್ತು ದಿನದಲ್ಲಿ ನಾಲ್ಕನ್ನು ಎರಡಕ್ಕೆ ಇಳಿಸಿ. ಬೆಳಿಗ್ಗೆ ಒಂದು ಲೋಟ, ಸಂಜೆ ಒಂದು ಲೋಟ, ಎರಡೂ ಸೇರಿ 400 ಮಿ.ಲೀ. ಸಾಕು. ಲೋಟ ಅಂದೆ, ಬಾಟಲಿ ಅಲ್ಲ. ಪುಟ್ಟ ಸ್ಟೀಲ್ ಲೋಟ ಕೊಡಿ, ಅರ್ಧ ಮೈಮೇಲೆ ಸುರಿದುಕೊಳ್ಳಲಿ. ರಾತ್ರಿ ಬಾಯಲ್ಲಿ ಬಾಟಲಿ ಇಟ್ಟುಕೊಂಡು ಮಲಗಿದರೆ ಮುಂದಿನ ಹಲ್ಲು ಹುಳುಕಾಗುತ್ತವೆ, ಅದನ್ನೂ ಇದೇ ನೆಪದಲ್ಲಿ ಬಿಡಿಸಿದಂತಾಗುತ್ತದೆ. ಎದೆಹಾಲು ಇನ್ನೂ ಕೊಡುತ್ತಿದ್ದರೆ ಅದನ್ನು ಬಿಡಿಸಬೇಡಿ, ಎರಡು ವರ್ಷ ಮತ್ತು ಅದರಾಚೆಗೂ ಕೊಡಬಹುದು.

ಇನ್ನು ಊಟ. ನಿಮ್ಮ ಕೆಲಸ ಏನು ಕೊಡಬೇಕು, ಯಾವಾಗ ಕೊಡಬೇಕು, ಎಲ್ಲಿ ಕೂರಿಸಬೇಕು ಅನ್ನುವಷ್ಟೇ. ಎಷ್ಟು ತಿನ್ನಬೇಕು ಅನ್ನುವುದು ಅವಳ ಕೆಲಸ. ಇದನ್ನು ಹೇಳಿದರೆ ಅಮ್ಮಂದಿರು ನನ್ನನ್ನು ಕಲ್ಲುಮನಸ್ಸಿನವಳ ಹಾಗೆ ನೋಡುತ್ತಾರೆ. ಮೂರು ಊಟ, ನಡುವೆ ಒಂದೆರಡು ತಿಂಡಿ, ಎರಡಕ್ಕೂ ಮಧ್ಯೆ ಎರಡೂವರೆ ಗಂಟೆ ನೀರು ಬಿಟ್ಟರೆ ಬೇರೇನೂ ಬೇಡ. 'ಒಂದೇ ಒಂದು ಬಿಸ್ಕತ್ತು' ಕೂಡ ಬೇಡ. ಅರ್ಧ ಗಂಟೆ ತಟ್ಟೆ ಮುಂದಿಡಿ, ತಿಂದಷ್ಟು ತಿನ್ನಲಿ, ತೆಗೆದುಬಿಡಿ. ಮೊದಲ ಎರಡು ಮೂರು ದಿನ ಏನೂ ತಿನ್ನದಿದ್ದರೆ ನಿಮ್ಮ ಜೀವ ಬಾಯಿಗೆ ಬರುತ್ತದೆ. ಆಡಿಕೊಂಡು, ಉಚ್ಚೆ ಸರಿಯಾಗಿ ಮಾಡಿಕೊಂಡು ಇದ್ದಾಳೆ ಅಂದರೆ ತಡೆದುಕೊಳ್ಳಿ.

ಅವಳಿಗೆಂದೇ ಬೇರೆ ಅಡುಗೆ ಮಾಡುತ್ತಿದ್ದರೆ ಅದನ್ನು ಇವತ್ತೇ ನಿಲ್ಲಿಸಿ. ಖಾರ ಹಾಕುವ ಮುಂಚೆ ಒಂದು ಬಟ್ಟಲು ತೆಗೆದಿಟ್ಟರೆ ಆಯಿತು. ನಮ್ಮ ಊರಿಗೆ ಒಂದು ಅದೃಷ್ಟವಿದೆ. ದುರ್ಗದ ಕಡೆಯ ಮುದ್ದೆಯೂ ಬರುತ್ತದೆ, ಹರಪನಹಳ್ಳಿ ಕಡೆಯ ಜೋಳದ ರೊಟ್ಟಿಯೂ ಬರುತ್ತದೆ. ಬಿಸಿ ರೊಟ್ಟಿ ಮುರಿದು ಹೆಸರುಕಾಳಿನ ಸಾರಿನಲ್ಲಿ ನೆನೆಸಿ, ಮೇಲೆ ನಾಲ್ಕು ಹನಿ ನಿಂಬೆಹಣ್ಣು ಹಿಂಡಿ. ಆ ನಾಲ್ಕು ಹನಿ ಅಲಂಕಾರಕ್ಕಲ್ಲ, ಕಾಳು ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತಲು ಹುಳಿ ಬೇಕು. ನುಗ್ಗೆ ಸೊಪ್ಪು, ರಾಜಗಿರಿ ಸೊಪ್ಪು ಬೇಳೆಯ ಜೊತೆ ಬೇಯಿಸಿ ಕಿವುಚಿ ಕೊಡಿ. ಮನೆಯಲ್ಲಿ ಮೊಟ್ಟೆ, ಮಾಂಸ ನಡೆಯುವುದಾದರೆ ಇನ್ನೂ ಒಳ್ಳೆಯದು. ರಾಗಿ ಕ್ಯಾಲ್ಸಿಯಂಗೆ ಬಹಳ ಒಳ್ಳೆಯದು, ಆದರೆ ರಾಗಿ ಗಂಜಿಯೊಂದರಿಂದಲೇ ರಕ್ತ ಏರುವುದಿಲ್ಲ. ಬೀಟ್‌ರೂಟ್ ಕೆಂಪಗಿದೆ ಅಂತ ರಕ್ತವಾಗಲ್ಲ. ಬೆಲ್ಲವನ್ನು ರುಚಿಗೆ ತಿನ್ನಿ, ಔಷಧಿ ಅಂತ ಅಲ್ಲ. ಚಹಾ ಮಾತ್ರ ಬೇಡವೇ ಬೇಡ. ಅತ್ತೆ ತಮ್ಮ ಲೋಟದಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದರೆ, ಆ ಒಂದು ಬಿಸ್ಕತ್ತಿನ ಚಹಾವೂ ಊಟದ ಕಬ್ಬಿಣಕ್ಕೆ ಅಡ್ಡಗಾಲು.

ದಾವಣಗೆರೆಯವರಿಗೆ ಹೇಳಲೇಬೇಕಾದ ಮಾತೊಂದಿದೆ, ಮಂಡಕ್ಕಿ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಮಗು ಕೈ ಚಾಚುತ್ತದೆ, ಒಂದು ಹಿಡಿ ಕೊಟ್ಟುಬಿಡುತ್ತೇವೆ. ಅದರಲ್ಲಿ ಶೇಂಗಾ ಇರುತ್ತದೆ. ಈ ವಯಸ್ಸಿನಲ್ಲಿ ಅರೆಯುವ ದವಡೆ ಹಲ್ಲು ಇನ್ನೂ ಪೂರ್ತಿ ಬಂದಿರುವುದಿಲ್ಲ. ನಗುತ್ತಾ ಓಡುತ್ತಾ ತಿಂದರೆ ಅರ್ಧ ಶೇಂಗಾ ಉಸಿರಿನ ಕೊಳವೆಗೆ ಜಾರುತ್ತದೆ. 'ಎರಡು ವಾರದಿಂದ ಕೆಮ್ಮು, ಔಷಧಿಗೆ ಹೋಗ್ತಿಲ್ಲ' ಅಂತ ಬಂದ ಮಗುವಿನ ಎದೆಯ ಒಂದು ಬದಿಯಲ್ಲಿ ಗಾಳಿಯ ಸದ್ದೇ ಕಡಿಮೆ ಇತ್ತು. ಒಳಗೆ ಸಿಕ್ಕಿದ್ದು ಶೇಂಗಾ ಬೀಜ. ನಾಲ್ಕು ವರ್ಷದ ತನಕ ಇಡೀ ಶೇಂಗಾ, ಕಡಲೆ, ಗೋಡಂಬಿ ಕೊಡಲೇಬೇಡಿ. ಶೇಂಗಾ ಪುಡಿ ಮಾಡಿ ಅನ್ನಕ್ಕೋ ರೊಟ್ಟಿಗೋ ಕಲಸಿ ಕೊಡಿ, ಬಹಳ ಒಳ್ಳೆಯದು. ಮಂಡಕ್ಕಿಯನ್ನು ನೀರಲ್ಲಿ ಅದ್ದಿ ಹಿಂಡಿ, ಮೆತ್ತಗೆ ಒಗ್ಗರಣೆ ಮಾಡಿ ಕೂರಿಸಿ ತಿನ್ನಿಸಿ. ಬೆಣ್ಣೆ ದೋಸೆ ಕೇಳಿದರೆ ಅಂಚಿನ ಗರಿಗರಿ ನೀವು ತಿನ್ನಿ, ನಡುವಿನ ಮೆತ್ತನೆಯದು ಅವಳಿಗೆ. ತಿಂಗಳಿಗೊಮ್ಮೆ ತಿಂದರೆ ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ. ನಾನಂತೂ ಅನ್ನುವುದಿಲ್ಲ.

ಫೋನ್: ಎರಡು ವರ್ಷದೊಳಗೆ ಬೇಡ, ಅಷ್ಟೇ. ದೂರದಲ್ಲಿರುವ ಅಜ್ಜಿಯ ಜೊತೆ ವಿಡಿಯೊ ಕಾಲ್ ಬೇಕಾದರೆ ಮಾಡಿ. ಫೋನ್ ನೋಡುತ್ತಾ ಉಣ್ಣುವ ಮಗುವಿಗೆ ಹೊಟ್ಟೆ ತುಂಬಿದ್ದೂ ಗೊತ್ತಾಗುವುದಿಲ್ಲ, ಬಾಯಲ್ಲಿ ಏನಿದೆ ಅನ್ನುವುದೂ ಗೊತ್ತಾಗುವುದಿಲ್ಲ. ಮೊದಲು ಮಧ್ಯಾಹ್ನದ ಊಟ ಒಂದರಲ್ಲಿ ನಿಲ್ಲಿಸಿ. ಆಗ ನೀವೂ ಅವಳ ಎದುರು ತಟ್ಟೆ ಇಟ್ಟುಕೊಂಡು ಕೂತು ಉಣ್ಣಿ. ನಿಮ್ಮ ಪತ್ರದಲ್ಲಿ ನೀವು ಉಣ್ಣುವ ಮಾತೇ ಇಲ್ಲ, ಗಮನಿಸಿದ್ದೀರಾ?

ಈಗ ಒಲೆ ಮುಂದಿನ ಅಳುವಿಗೆ ಬರೋಣ. ಅವಳು ನಿಮ್ಮ ಕೆಲಸ ಕೆಡಿಸಲು ಬರುತ್ತಿಲ್ಲ, ಕೆಲಸಕ್ಕೇ ಬರುತ್ತಿದ್ದಾಳೆ. ಈ ವಯಸ್ಸಿನ ಮಗುವಿಗೆ ಅಮ್ಮ ಮಾಡುವುದೇ ಆಟ. ಅಂಗಡಿಯಿಂದ ತಂದ ಬಣ್ಣದ ಅಡುಗೆ ಸೆಟ್ ಮೂಲೆಯಲ್ಲಿ ಬಿದ್ದಿರುತ್ತದೆ, ಅವಳಿಗೆ ಬೇಕಾದದ್ದು ನಿಮ್ಮ ಕೈಯಲ್ಲಿರುವ ಸೌಟು.

ನನ್ನ ಮಗ ಚಿಕ್ಕವನಿದ್ದಾಗ ಬಟ್ಟೆ ಒಣಹಾಕುವುದು ನನಗೆ ಎಂಟು ನಿಮಿಷದ ಕೆಲಸ. ಅವನು ಅಳುತ್ತಾನೆ ಅಂತ ಟಿವಿ ಹಾಕಿ, ಓಡಿ ಹೋಗಿ ಮುಗಿಸಿ ಬರುತ್ತಿದ್ದೆ. ಒಂದು ದಿನ ಕರೆಂಟ್ ಹೋಯಿತು. ಬೇರೆ ದಾರಿಯಿಲ್ಲದೆ ಬಕೆಟ್ ಪಕ್ಕ ನಿಲ್ಲಿಸಿಕೊಂಡೆ. ಅವನು ಒಂದು ಕಾಲುಚೀಲ ತೆಗೆದು, ಎರಡೂ ಕೈಯಲ್ಲಿ ಹಿಂಡಿ, ಮುಖಕ್ಕೆ ಒತ್ತಿಕೊಂಡು, ಆಮೇಲೆ 'ಅಮ್ಮಾ ತಗೋ' ಅಂತ ಕೊಟ್ಟ. ಮತ್ತೆ ಬಗ್ಗಿದ. ಒಂದು ಕರ್ಚೀಫು. ಮತ್ತೆ ಬಗ್ಗಿದ. ಹದಿನೆಂಟು ಬಟ್ಟೆಗೆ ಇಪ್ಪತ್ತೈದು ನಿಮಿಷ ಹಿಡಿಯಿತು. ಆದರೆ ಅಳು ಇಲ್ಲ, ಟಿವಿ ಇಲ್ಲ. ಅವನಿಗೆ ಬಗ್ಗಿ ಎದ್ದು ಎಷ್ಟು ಹಸಿವಾಗಿತ್ತೆಂದರೆ ಒಳಗೆ ಬಂದವನೇ ಅನ್ನ ಕೇಳಿದ. ಅದೇ ಮಗುವನ್ನು ಆಡಿಸಲು ನಾನು ಇಡೀ ಬೆಳಿಗ್ಗೆ ಒದ್ದಾಡುತ್ತಿದ್ದೆ.

ನಿಮ್ಮ ಮನೆಯಲ್ಲೂ ಇಂಥ ಕೆಲಸಗಳು ಬೇಕಾದಷ್ಟಿವೆ. ರೊಟ್ಟಿ ಹಿಟ್ಟಿನಲ್ಲಿ ನಿಂಬೆಹಣ್ಣಿನಷ್ಟು ಒಂದು ಉಂಡೆ ಕೊಡಿ, ನೀವು ತಟ್ಟುವಾಗ ಅವಳೂ ತಟ್ಟಲಿ. ಕೊತ್ತಂಬರಿ ಕಟ್ಟು ಕೊಡಿ, ಎಲೆ ಕೀಳಲಿ. ಅರ್ಧ ನೆಲದ ಪಾಲಾಗುತ್ತದೆ, ಹೋಗಲಿ. ಈರುಳ್ಳಿಯನ್ನು ಒಂದು ಬುಟ್ಟಿಯಿಂದ ಇನ್ನೊಂದಕ್ಕೆ ಹಾಕಲಿ. ಒದ್ದೆ ಬಟ್ಟೆ ಕೊಟ್ಟರೆ ಅದೇ ಒಂದು ಟೈಲ್ಸನ್ನು ಹತ್ತು ನಿಮಿಷ ಒರೆಸುತ್ತಾಳೆ. ಈಳಿಗೆಮಣೆ ಮಾತ್ರ ನೆಲಕ್ಕೆ ಬರಬಾರದು, ಕಟ್ಟೆಯ ಮೇಲೆ ಚಾಕುವಿನಲ್ಲಿ ಹೆಚ್ಚಿಕೊಳ್ಳಿ. ಒಗ್ಗರಣೆ ಸಿಡಿಸುವ, ಗಂಜಿ ಬಸಿಯುವ ಇಪ್ಪತ್ತು ನಿಮಿಷ ಅವಳು ಅಡುಗೆಮನೆಯಲ್ಲೇ ಇರಕೂಡದು. ಆ ಇಪ್ಪತ್ತು ನಿಮಿಷ ಅತ್ತೆಯದು. ಮಂಡಿ ನೋವಿದ್ದವರಿಗೆ 'ಮಗು ನೋಡ್ಕೊಳ್ಳಿ' ಅಂದರೆ ಓಡಲಾಗದೆ ಸಿಟ್ಟು ಬರುತ್ತದೆ. 'ಮಂಚದ ಮೇಲೆ ಕೂತು ಅವಳಿಗೆ ನಿಮ್ಮ ಊರಿನ ಹಾಡು ಹೇಳಿ, ಅನ್ನ ಬಸಿದು ಬರ್ತೀನಿ' ಅಂತ ಕೇಳಿ ನೋಡಿ.

ಟೈಮ್ ಟೇಬಲ್ ಬರೆದು ಕೊಡಲ್ಲ. ಎಷ್ಟೋ ಮನೆಯ ಫ್ರಿಜ್ಜಿನ ಮೇಲೆ ಅಂಟಿಸಿದ್ದನ್ನು ನೋಡಿದ್ದೇನೆ, ಮೂರನೇ ದಿನಕ್ಕೆ ಅದು ಅಮ್ಮನನ್ನು ಬೈಯುವ ಚೀಟಿಯಾಗುತ್ತದೆ. ಮೂರು ಗೂಟ ಮಾತ್ರ ನೆಟ್ಟುಕೊಳ್ಳಿ: ಊಟದ ಹೊತ್ತು, ಮಧ್ಯಾಹ್ನದ ನಿದ್ದೆ, ಸಂಜೆ ಹೊರಗೆ ಹೋಗುವುದು. ಉಳಿದ ಕೆಲಸ ಇವುಗಳ ಸುತ್ತ ಎಲ್ಲಾದರೂ ಬೀಳಲಿ. ಹಗಲು ರಾತ್ರಿ ಸೇರಿ ಅವಳಿಗೆ 11ರಿಂದ 14 ಗಂಟೆ ನಿದ್ದೆ ಬೇಕು. ಮಧ್ಯಾಹ್ನ ಅವಳು ಮಲಗಿದ ತಕ್ಷಣ ನೀವು ಸಿಂಕಿಗೆ ಓಡುತ್ತೀರಿ ಅಂತ ನನಗೆ ಗೊತ್ತು. ಪಾತ್ರೆಯನ್ನು ಅವಳು ಎದ್ದಿರುವಾಗಲೂ ತೊಳೆಯಬಹುದು. ನಿಮ್ಮ ನಿದ್ದೆ ಮಾತ್ರ ಅವಳು ಮಲಗಿದಾಗಲೇ ಆಗಬೇಕು. ಅರ್ಧ ಗಂಟೆಯಾದರೂ ಮಲಗಿ. ಏಪ್ರಿಲ್, ಮೇ ಬಿಸಿಲಲ್ಲಿ ಐದೂವರೆಗೆ ಮುಂಚೆ ಹೊರಗೆ ಬೇಡ. ಆಮೇಲೆ ಬೀದಿ ತುದಿಯ ತನಕ ನಡೆಸಿಕೊಂಡು ಹೋದರೂ ಸಾಕು, ಪ್ರತಿ ನಾಯಿ, ಪ್ರತಿ ಕಲ್ಲಿನ ಹತ್ತಿರ ನಿಲ್ಲುತ್ತಾಳೆ, ನಿಲ್ಲಲಿ.

ಯಜಮಾನರಿಗೂ ಒಂದು ಮಾತು. ಬೆಳಿಗ್ಗೆ 9ರ ತನಕ ಅವರು ಮನೆಯಲ್ಲೇ ಇರುತ್ತಾರಲ್ಲ? ಸ್ನಾನ ಮಾಡಿಸಿ ತಿಂಡಿ ತಿನ್ನಿಸುವುದು ಅವರದಾಗಲಿ, ಪೂರ್ತಿ ಅವರದು. ಟವೆಲ್ ಎಲ್ಲಿ, ಚಡ್ಡಿ ಎಲ್ಲಿ ಅಂತ ನಿಮ್ಮನ್ನು ಕೇಳಬಾರದು. ಅಂಗಡಿ ರಜೆಯ ದಿನ ಅಪ್ಪ ಮಗಳು ಇಬ್ಬರೇ ಕುಂದವಾಡ ಕೆರೆಗೋ ಗಾಜಿನ ಮನೆಗೋ ಹೋಗಿ ಎರಡು ಗಂಟೆ ಬಿಟ್ಟು ಬರಲಿ. ನೀವು ಆಗಲೂ ಮನೆ ಒರೆಸುತ್ತಾ ಕೂತರೆ ನನ್ನ ಮಾತು ದಂಡ.

ಹೊಡೆದ ವಿಷಯ. ನಾನೂ ಹೊಡೆದಿದ್ದೇನೆ, ಒಮ್ಮೆ, ರಾತ್ರಿ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ. ಮಕ್ಕಳ ಡಾಕ್ಟರ ಕೈ ಅಂತ ಅದಕ್ಕೆ ಬೇರೆ ಬುದ್ಧಿ ಇರಲಿಲ್ಲ. ಹೊಡೆತದಿಂದ ಈ ವಯಸ್ಸಿಗೆ ಏನೂ ಅರ್ಥವಾಗುವುದಿಲ್ಲ, ಭಯ ಮಾತ್ರ ಉಳಿಯುತ್ತದೆ. ಹಟ ಒಂದೂವರೆ ವರ್ಷದಿಂದ ಮೂರರ ತನಕ ಜೋರು. ಬೇಕು ಅನ್ನುವುದು ಬೆಟ್ಟದಷ್ಟು, ಹೇಳಲು ಇರುವ ಮಾತು ಒಂದು ಹಿಡಿ. ಅವಳು ನೆಲಕ್ಕೆ ಬಿದ್ದು ಅಳುವಾಗ ಬುದ್ಧಿ ಹೇಳಬೇಡಿ, ಕಿವಿಗೆ ಹೋಗುವುದಿಲ್ಲ. ಪಕ್ಕದಲ್ಲಿ ಕೂತು 'ಬಾಟಲಿ ಬೇಕಿತ್ತು, ಸಿಟ್ಟು ಬಂತು' ಅಂತ ಅವಳ ಮಾತನ್ನು ನೀವು ಆಡಿ. ಬಾಟಲಿ ಮಾತ್ರ ಕೊಡಬೇಡಿ. ನಿಮಗೇ ಕೈ ಏಳುತ್ತಿದೆ ಅನ್ನಿಸಿದರೆ ಅವಳನ್ನು ಅತ್ತೆಯ ಹತ್ತಿರ ಬಿಟ್ಟು, ಮುಖ ತೊಳೆದುಕೊಂಡು ಬನ್ನಿ. ತಪ್ಪಿ ಹೊಡೆದರೆ ಆಮೇಲೆ ಎತ್ತಿಕೊಂಡು 'ಅಮ್ಮ ಹೊಡೆದಿದ್ದು ತಪ್ಪು' ಅಂತ ಹೇಳಿ.

ಆದರೆ ದಿನವೂ ಅಳು ಬರುತ್ತಿದ್ದರೆ, ಮಗು ಮಲಗಿದರೂ ನಿಮಗೆ ನಿದ್ದೆ ಬರದಿದ್ದರೆ, ಎರಡು ವಾರವಾದರೂ ಇದು ಹೋಗದಿದ್ದರೆ, ಅದನ್ನು ಸುಸ್ತು ಅಂತ ತಳ್ಳಬೇಡಿ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ನಿಮಗೋ ಮಗುವಿಗೋ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಅವತ್ತೇ ಡಾಕ್ಟರನ್ನು ನೋಡಿ.

ಡಾಕ್ಟರ ಹತ್ತಿರ ಹೋಗುವಾಗ ತಾಯಿ ಕಾರ್ಡ್ ತಗೊಂಡು ಹೋಗಿ. 16ರಿಂದ 24 ತಿಂಗಳೊಳಗೆ ಹಾಕಿಸಬೇಕಾದ ಬೂಸ್ಟರ್ ಚುಚ್ಚುಮದ್ದು, ದಡಾರ–ರುಬೆಲ್ಲಾ ಎರಡನೇ ಡೋಸು ಆಗಿದೆಯಾ ನೋಡಿಸಿ. ಜಂತುಹುಳದ ಮಾತ್ರೆಯನ್ನೂ ಕೇಳಿ, ಎರಡು ವರ್ಷದೊಳಗೆ ಅರ್ಧ ಮಾತ್ರೆ, ಪುಡಿ ಮಾಡಿ ಕೊಡಬೇಕು. ಕಬ್ಬಿಣದ ಸಿರಪ್ ಬರೆದುಕೊಟ್ಟರೆ ಹಾಲಿನ ಜೊತೆ ಕೊಡಬೇಡಿ. ಕಕ್ಕ ಕಪ್ಪಗಾಗುತ್ತದೆ, ಹೆದರಬೇಡಿ. ರಕ್ತ ಸರಿಯಾದ ಮೇಲೂ ಡಾಕ್ಟರು ಹೇಳಿದಷ್ಟು ತಿಂಗಳು ಮುಂದುವರಿಸಿ. ಸಿರಪ್ಪಿನ ಬಾಟಲಿಯನ್ನು ಮಾತ್ರ ಕೈಗೆಟುಕದ ಜಾಗದಲ್ಲಿ ಬೀಗ ಹಾಕಿ ಇಡಿ. ಸಿಹಿ ಅಂತ ಮಗು ಒಮ್ಮೆಲೇ ಕುಡಿದರೆ ಜೀವಕ್ಕೇ ಅಪಾಯ.

ಇನ್ನು ನೀರು ಬರುವ ದಿನದ ಡ್ರಮ್ಮು, ಬಕೆಟ್ಟು. ಪತ್ರದಲ್ಲಿ ಅವುಗಳ ಮುಚ್ಚಳದ ಮಾತಿಲ್ಲ. ಮಗುವಿನ ತಲೆಯೇ ಭಾರ. ಬಗ್ಗಿ ನೋಡಲು ಹೋಗಿ ತಲೆಕೆಳಗಾದರೆ ಅರ್ಧ ಬಕೆಟ್ ನೀರಿನಿಂದಲೂ ಎದ್ದು ಬರಲಾಗುವುದಿಲ್ಲ. ಸದ್ದೂ ಕೇಳುವುದಿಲ್ಲ. ಕಾಯಿಲ್ ಹಾಕಿ ನೀರು ಕಾಯಿಸುತ್ತಿದ್ದರೆ ಆ ಬಚ್ಚಲಿಗೆ ಹೊರಗಿನಿಂದ ಚಿಲಕ ಇರಲಿ. ರಕ್ತ ಪರೀಕ್ಷೆ ನಾಳೆ ಮಾಡಿಸಿದರೂ ನಡೆದೀತು. ಡ್ರಮ್ಮಿಗೆ ಬಿಗಿಯಾದ ಮುಚ್ಚಳ ಇವತ್ತು ಸಂಜೆಯೇ ತನ್ನಿ. ತುಂಬಿ ಮಿಕ್ಕ ಬಕೆಟ್ಟುಗಳನ್ನು ಬಚ್ಚಲೊಳಗೆ ಇಟ್ಟು ಬಾಗಿಲು ಹಾಕಿ.